ಅರ್ಧಕ್ಕೆ ನಿಂತ ಒಡಪು

ತಾವರಗೇರಾ
9 ಏಪ್ರಿಲ್ 2025

ನನ್ನ ಸುಂಕಲಿಗೆ, ರೇಣುಕಾ ಬರೆಯುವುದು.

ನಿಮ್ಮ ಮನೆಯಲ್ಲಿ ಎಲ್ಲರೂ ಆರಾಮ ಇದ್ದೀರಿ ಅಂತ ಮೊನ್ನೆ ಫೋನಿನಲ್ಲೇ ಕೇಳಿದ್ದೇನೆ, ಮತ್ತೆ ಕೇಳುವುದಿಲ್ಲ. ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಅನ್ನಬೇಡ. ಫೋನಿನಲ್ಲಿ ಹೇಳಲು ಮೂರು ಸಲ ಹೋದೆ. ನೀನು ಅತ್ತ ಕಡೆ ನಕ್ಕ ಕೂಡಲೇ ಮಾತು ತಿರುಗಿಸಿದೆ. ಒಮ್ಮೆ ಬಿಸಿಲಿನ ಮಾತು ತೆಗೆದೆ, ಒಮ್ಮೆ ನಿನ್ನ ಮೊಣಕಾಲು ನೋವು ಕೇಳಿದೆ, ಮೂರನೆಯ ಸಲ ಚಾರ್ಜ್ ಮುಗಿಯಿತು ಅಂತ ಸುಳ್ಳು ಹೇಳಿ ಇಟ್ಟುಬಿಟ್ಟೆ.

ಬಸವ ಜಯಂತಿಯ ದಿನ ನಿನ್ನ ಮಗಳು ಹುಲಿಗೆಮ್ಮನ ಮದುವೆ. ಊಟಕ್ಕೆ ಕೂತಾಗ ಅವಳು ಎಲ್ಲರೆದುರು ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳಬೇಕಲ್ಲ, ಆ ಒಡಪು ಕಟ್ಟಿಕೊಡುವ ಕೆಲಸ ನನಗೆ ಹಚ್ಚಿದ್ದೀ. "ನನ್ನ ನಾಲಿಗಿ ಮ್ಯಾಲ ನನಗ ನಂಬಿಕಿ ಇಲ್ಲ ರೇಣುಕಾ. ನನ್ನಂಗ ಆಕಿ ನಡುವ ನಿಂತುಬಿಡಬಾರದು" ಅಂದೆ. ಆ ಮಾತು ಕೇಳಿದಾಗಿನಿಂದ ನನಗೆ ಉಂಡ ಕೂಳು ಮೈಗೆ ಹತ್ತುತ್ತಿಲ್ಲ. ನಿನ್ನ ನಾಲಿಗೆಗೆ ಏನೂ ಆಗಿರಲಿಲ್ಲ ಸುಂಕಲಿ. ಅದನ್ನು ಹೇಳಲಿಕ್ಕೇ ಈ ಕಾಗದ.

ಸಮುದ್ರ ಕಾಣದ ನಮ್ಮ ತವರು ಹಳ್ಳಿ ಮಂಗಳೂರಿನ ಶೇಂಗಾ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದ ದಿನ ನೆನಪಿದೆಯಲ್ಲ. ನಾವಿಬ್ಬರೂ ಪಕ್ಕಪಕ್ಕದ ಸಾಲು ಹಿಡಿಯುತ್ತಿದ್ದೆವು. ಯಾರು ಒಡಪು ಎತ್ತುತ್ತಾರೋ ಅವರು ಮುಗಿಸುವಂತಿಲ್ಲ, ಅದು ನಾವೇ ಮಾಡಿಕೊಂಡ ಕಟ್ಟಳೆ. ನೀನು ಮೊದಲ ಸಾಲು ಎಸೆಯುತ್ತಿದ್ದೆ, ಹೊಲದ ಬದು ಮುಟ್ಟುವುದರೊಳಗೆ ನಾನು ಎರಡನೆಯದನ್ನು ಹೇಳಬೇಕು. ಹೇಳದಿದ್ದರೆ ನಿನ್ನ ಪಾಲಿನ ಕಳೆಯನ್ನೂ ನಾನೇ ತೆಗೆಯಬೇಕು. ನಾನು ಹೇಳಿದ್ದು ಕೂಡಿತೆಂದರೆ ಹಿಂದಿನ ಸಾಲಿನ ಹೆಂಗಸರೆಲ್ಲ ಕಳೆ ತೆಗೆಯುವ ಕುರ್ಚಿಗಿ ನೆಲಕ್ಕೆ ಹಾಕಿ ನಗುತ್ತಿದ್ದರು. ಆಳುಗಳನ್ನು ಕರೆತರುತ್ತಿದ್ದ ಅಬೇದಾಬಿ ಚಾಚಿಯಂತೂ ಕೆಲಸ ನಿಂತಿತೆಂದು ಬೈಯುತ್ತಲೇ "ಇನ್ನೊಂದು ಹೇಳ್ರೆ" ಅನ್ನುತ್ತಿದ್ದಳು. ಊರಿನ ಯಾವ ಮದುವೆಯಾದರೂ ಮದುಮಗಳು ಹಿಂದಿನ ದಿನ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದಳು. ಆ ಖುಷಿಯಂಥ ಖುಷಿಯನ್ನು ನಾನು ಮುಂದೆ ಎಲ್ಲೂ ಕಾಣಲಿಲ್ಲ. ಮಕ್ಕಳು ಹುಟ್ಟಿದಾಗ ಸುಖವಾಯಿತು, ಅಂಗನವಾಡಿ ಕೆಲಸ ಸಿಕ್ಕಾಗ ಸಮಾಧಾನವಾಯಿತು. ಆದರೆ ನಿನ್ನ ಬಾಯಿಂದ ಹೊರಟದ್ದು ನನ್ನ ಬಾಯಲ್ಲಿ ಮುಗಿಯುವಾಗಿನ ಆ ಪುಳಕ ಬೇರೆಯೇ.

ಇಪ್ಪತ್ತೆರಡು ವರ್ಷದ ಹಿಂದೆ ಊರಿನ ಸಾಮೂಹಿಕ ಮದುವೆಯಲ್ಲಿ ನಮ್ಮಿಬ್ಬರಿಗೂ ಒಂದೇ ಹಂದರದಲ್ಲಿ ಅಕ್ಕಿಕಾಳು ಬಿದ್ದವು. ನನ್ನ ಒಡಪನ್ನು ನೀನು ವಾರದ ಮೊದಲೇ ಕಟ್ಟಿ ಬಾಯಿಪಾಠ ಮಾಡಿಸಿದ್ದೆ. ನಿನ್ನದನ್ನು ಮಾತ್ರ ಮೊದಲೇ ಕಟ್ಟುವುದು ಬೇಡ ಅಂದೆ ನೀನು. ಹೊಲದಲ್ಲಿ ಕಟ್ಟಿದ ಹಾಗೆ ಅಲ್ಲೇ ಕಟ್ಟೋಣ, ನಾನು ಎತ್ತುತ್ತೇನೆ, ನೀನು ಕಿವಿಯಲ್ಲಿ ಹೇಳು, ಅದೇ ಕಡೆಯ ಆಟ ಅಂದೆ. ನಾನು ಹೂಂ ಅಂದೆ.

ನನ್ನ ಸರದಿ ಮೊದಲು ಬಂತು. ನಮ್ಮ ಮನೆಯವರು ಗಾಳೇಶಪ್ಪ ಮುಂಜಾನೆಯಿಂದ ತುಟಿ ಬಿಚ್ಚಿರಲಿಲ್ಲ, ಅದನ್ನೇ ಹಿಡಿದು, ನಮ್ಮ ಕಪ್ಪು ನೆಲ ಕೆಂಪು ನೆಲ ಎರಡನ್ನೂ ಕೂಡಿಸಿ ನೀನು ಕಟ್ಟಿದ್ದೆ.

ಎರಿ ಹೊಲಕ ಜ್ವಾಳ, ಮಸಾರಿಗೆ ಶೇಂಗ,
ಗಾಳೇಶ ಅವರು ಸುಮ್ಮನ ಕುಂತ್ರ ಮಾತು ಸಾಗೋದು ಹ್ಯಾಂಗ?

ಹಂದರವೆಲ್ಲ ನಕ್ಕಿತು. ಗಾಳೇಶಪ್ಪನೂ ನಕ್ಕರು. ನಾನು ಸೆರಗು ಸರಿಮಾಡಿಕೊಂಡು ಇನ್ನೇನು ಕೂರಬೇಕು, ಅಷ್ಟರಲ್ಲಿ ಅಬೇದಾಬಿ ಚಾಚಿ ಎಲ್ಲರಿಗೂ ಕೇಳುವಂತೆ "ಇದು ಸುಂಕಲಿ ಕಟ್ಟಿದ್ದು ಐತಿ, ಆಕಿ ಮಾತಿನ ರುಚಿ ನನಗ ಗೊತ್ತೈತಿ" ಅಂದಳು. ಪಾಪ, ಪ್ರೀತಿಯಿಂದಲೇ ಅಂದಳು. ಆದರೆ ಎಲ್ಲರ ಮುಖ ನನ್ನನ್ನು ಬಿಟ್ಟು ನಿನ್ನ ಕಡೆ ತಿರುಗಿತು. ನನ್ನ ಮದುವೆಯ ದಿನವೂ ನಾನು ನಿನ್ನ ಬಾಯಿಯ ಬಾಡಿಗೆಯವಳಾದೆನಲ್ಲ ಅನ್ನಿಸಿ ಹೊಟ್ಟೆ ಉರಿಯಿತು.

ಆಮೇಲೆ ನೀನು ಎದ್ದೆ. ಮುಗಿಲು ನೋಡೋ ಊರು ಬಿಟ್ಟು ಕಾಲುವಿ ಊರಿಗೆ ಹೊಂಟೀನಿ ಅಂತ ಎತ್ತಿ ನನ್ನ ಕಡೆ ತಲೆ ಬಾಗಿಸಿದೆ. ಎಷ್ಟು ಛಲೋ ಸಾಲು ಅದು. ಕಾಲುವೆಯ ಊರು ನವಲಿಯಿಂದ ಬಂದ ನಿನ್ನ ಬೀಗರೆಲ್ಲ ಉಣ್ಣುವುದನ್ನು ಬಿಟ್ಟು ನಿನ್ನನ್ನೇ ನೋಡುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ. ನೀನು ಮತ್ತೊಮ್ಮೆ ಅದನ್ನೇ ಹೇಳಿದೆ, ನನ್ನ ಮೊಣಕೈ ಹಿಡಿದೆ. ನಾನು ಕೆಳಗೆ ನೋಡುತ್ತ ಎಲೆಯ ಮೇಲಿನ ಅನ್ನ ಕಲಸುತ್ತ ಕೂತೆ. ಕಡೆಗೆ ನೀನು ಬರೀ ವಿರುಪಾಕ್ಷಿ ಅಂತ ಗಂಡನ ಹೆಸರೊಂದನ್ನು ಅಂದು ಕುಸಿದು ಕೂತೆ. ಯಾವನೋ ಸೀಟಿ ಹೊಡೆದ. ವಿರುಪಾಕ್ಷಿ ಅಣ್ಣನ ಮುಖ ಕೆಂಪಾಯಿತು. ಅವರ ಅವ್ವ "ಅರ್ಧ ಒಡಪಿನ ಸೊಸಿ ಸಿಕ್ಕಳು ನಮಗ" ಅಂದರು, ಅದೇ ಮೊಟಕಾಗಿ ನಿಮ್ಮ ಮನೆಯಲ್ಲಿ ನಿನ್ನ ಹೆಸರಾಗಿ ನಿಂತಿತು.

ಸಂಜೆ ಟ್ರ್ಯಾಕ್ಟರ್ ಹತ್ತುವ ಮುಂದೆ ನೀನು ನನ್ನನ್ನು ಹುಡುಕಿಕೊಂಡು ಬಂದೆ. ಕಾಲುವೆ, ಹೊಂಟೀನಿ ಅಂತ ಇಲ್ಲದ ಬಿಗಿ ಸಾಲು ಎತ್ತಿ ನಿನ್ನನ್ನೂ ತೊಡಕಿಗೆ ಹಾಕಿದೆ, ತಪ್ಪಾಯಿತು ಅಂತ ನನ್ನ ಕೈ ಹಿಡಿದು ಅತ್ತೆ. ಸಾಲು ಹೊಳೆಯಲಿಲ್ಲ ಅಂದೆ ನಾನು. ಹಾಗಂದು "ಇರಲಿ ಬಿಡು" ಅಂದೆ. ನಿನ್ನ ತಪ್ಪನ್ನು ನಾನು ಹೊಟ್ಟೆಗೆ ಹಾಕಿಕೊಂಡ ಹಾಗೆ!

ಸಾಲು ಹೊಳೆದಿತ್ತು ಸುಂಕಲಿ. ನೀನು ಮೊದಲ ಸಲ ಉಸಿರು ಬಿಡುವುದರೊಳಗೇ ಹೊಳೆದಿತ್ತು.

ಈಜಾಕ ಬರಂಗಿಲ್ಲ, ವಿರುಪಾಕ್ಷಿ ಅವರ ಕೈ ನಂಬೀನಿ.

ಬಾಯಿ ಮುಚ್ಚಿಕೊಂಡು ಕೂತೆ, ಬೇಕಂತಲೇ ಕೂತೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಇಷ್ಟು ಹೇಳಿದ ಮೇಲೆ ಅದೊಂದನ್ನು ಯಾಕೆ ಬಚ್ಚಿಡಲಿ. ಆರು ವರ್ಷದ ಹಿಂದೆ ಕುಷ್ಟಗಿಯಲ್ಲಿ ಮಹಿಳಾ ಸಂಘದವರು ಒಡಪಿನ ಸ್ಪರ್ಧೆ ಇಟ್ಟಿದ್ದರು. ನಾನಾಗಿ ಕಟ್ಟಿದ್ದೆಲ್ಲ ಉಪ್ಪಿಲ್ಲದ ಸಾರಿನಂತೆ ಇತ್ತು. ಕಡೆಗೆ ನಿನ್ನ ಮೊದಲ ಸಾಲು, ನನ್ನ ಎರಡನೆಯ ಸಾಲು ಕೂಡಿಸಿ, ವಿರುಪಾಕ್ಷಿ ತೆಗೆದು ಗಾಳೇಶ ಅಂತ ಹಾಕಿ ಹೇಳಿದೆ. ತಾವರಗೇರಾಕ್ಕೆ ಯಾವ ಕಾಲುವೆ ಅಂತ ಯಾರೂ ಕೇಳಲಿಲ್ಲ. ಒಂದು ಸ್ಟೀಲ್ ಕೊಡ ಬಹುಮಾನ ಕೊಟ್ಟರು. ಚಪ್ಪಾಳೆ ಬೀಳುವಾಗ ನಾನು ಪಕ್ಕಕ್ಕೆ ತಿರುಗಿ ನೋಡಿದೆ. ಅಲ್ಲಿ ಮೈಕಿನವನು ನಿಂತಿದ್ದ. ಮನೆಗೆ ಬಂದು ಆ ಕೊಡವನ್ನು ಅಟ್ಟಕ್ಕೆ ಹಾಕಿದೆ, ಇವತ್ತಿಗೂ ಅದರಲ್ಲಿ ನೀರು ತುಂಬಿಲ್ಲ.

ನಾಟಿ ಹಚ್ಚುವಾಗ ಹೆಂಗಸರೆಲ್ಲ ಹಾಡಿದರೆ ನೀನು ಬರೀ ತುಟಿ ಆಡಿಸುತ್ತೀ ಅಂತ ಒಮ್ಮೆ ನೀನೇ ನಗುತ್ತ ಹೇಳಿದ್ದೆ. ನಾನೂ ನಕ್ಕೆ. ಹುಲಿಗೆಮ್ಮ ಹುಟ್ಟಿದಾಗ ತೊಟ್ಟಿಲಿಗೆ ಹಾಕುವ ದಿನವೂ ನೀನು ಹಾಡಲಿಲ್ಲ. ಬಾಣಂತಿಗೆ ದಣಿವು ಅಂದುಕೊಂಡರು ಎಲ್ಲ. ನನಗೆ ಗೊತ್ತಿತ್ತು. ಆ ಮಂಗಳೂರು ಹೊಲದ ಸುಂಕಲಿಯನ್ನು ನಾನು ಬಾಯಿ ತೆಗೆಯದೇ ಕೊಂದೆ, ಇದಕ್ಕಿಂತ ಬೇರೆ ಮಾತು ನನಗೆ ತಿಳಿಯದು.

ಈಗ ನಿನ್ನ ಮುಂದೆ ಒಂದೇ ಬೇಡಿಕೆ. ಹುಲಿಗೆಮ್ಮನ ಒಡಪು ನಾನು ಕಟ್ಟಿ ಕಳಿಸುವುದಿಲ್ಲ. ನೀನೇ ಎತ್ತು. ಅಳಿಯನಾಗುವ ಶರಣಕುಮಾರನ ಮೇಲೆ ಎತ್ತುತ್ತೀಯೋ, ಅವನ ಮೋಟಾರ್ ಸೈಕಲ್ ಮೇಲೆ ಎತ್ತುತ್ತೀಯೋ, ನಿನ್ನ ಮರ್ಜಿ. ಎತ್ತಿದ ಮೇಲೆ ನನ್ನನ್ನು ಕರೆದರೆ ಓಡಿ ಬರುತ್ತೇನೆ, ಹುಡುಗಿಯನ್ನು ನಡುವೆ ಕೂರಿಸಿಕೊಂಡು ಇಬ್ಬರೂ ಮುಗಿಸೋಣ. ಕರೆಯದಿದ್ದರೆ ಮದುವೆಗೆ ಬರುವುದಿಲ್ಲ, ಯಾಕೆ ಕರೆಯಲಿಲ್ಲ ಅಂತ ಕೇಳುವುದೂ ಇಲ್ಲ. ಆದರೆ ನೀನು ಎತ್ತಬೇಕು. ನಾನು ಇರಲಿ ಬಿಡಲಿ, ಎತ್ತಬೇಕು.

ಇಂತಿ,
ನಿನ್ನ ಮಾತಿನಲ್ಲೇ ದೊಡ್ಡವಳಾದ
ರೇಣುಕಾ

ತಾ.ಕ. ಇದು ವಿರುಪಾಕ್ಷಿ ಅಣ್ಣನವರಿಗೆ. ಲಕೋಟೆಯ ಮೇಲೆ ನಿಮ್ಮ ಹೆಸರು ತಪ್ಪಿ ಬಿದ್ದದ್ದಲ್ಲ. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ಸುಂಕಲಿಗೆ ಓದಲು ಬರುವುದಿಲ್ಲ ಅಂತ ಗೊತ್ತಿದ್ದೇ ಬರೆದೆ. ಹುಲಿಗೆಮ್ಮನ ಕೈಗೆ ಸಿಕ್ಕಿದ್ದರೆ ಅವ್ವ ಮಗಳು ಅಡುಗೆಮನೆಯಲ್ಲೇ ಓದಿಕೊಂಡು ಸುಮ್ಮನಾಗುತ್ತಿದ್ದರು. ಸುಂಕಲಿಯ ಮರ್ಯಾದೆ ಹೋದದ್ದು ಐನೂರು ಮಂದಿಯ ಮುಂದೆ, ನನ್ನದು ನಿಮ್ಮ ಮನೆಯವರ ಮುಂದಾದರೂ ಹೋಗಲಿ. ಇಲ್ಲಿಯವರೆಗೆ ನೀವು ಒಬ್ಬರೇ ಓದಿಕೊಂಡಿದ್ದರೆ ಈಗ ನಿಮ್ಮ ಅವ್ವನವರನ್ನು ಪಡಸಾಲೆಗೆ ಕರೆದು ಕೂರಿಸಿ, ಮೊದಲಿನಿಂದ ಗಟ್ಟಿಯಾಗಿ ಓದಿರಿ. ಅದಕ್ಕೂ ಮೊದಲು ಒಳಗಿರುವ ಅವಳನ್ನು ಕೂಗಬೇಕಾಗುತ್ತದೆ. ಅರ್ಧಾ ಅಂತ ಕೂಗಬೇಡಿರಿ ಅಣ್ಣಾ, ಅವಳಿಗೊಂದು ಹೆಸರಿದೆ.