ಬಾಗಿಲಾಚೆ ಒಂದು ಬೆಂಚು ಹಾಕಿಸಿ

ಹೃದಯ ಶಸ್ತ್ರಚಿಕಿತ್ಸಾ ತರಬೇತಿ ಕೇಂದ್ರದ ನಿರ್ದೇಶಕರೇ,

ನಿಮ್ಮ ಹೊಸ ವರ್ಚುವಲ್ ರಿಯಾಲಿಟಿ ಪ್ರಯೋಗಾಲಯದಲ್ಲಿ ಹೃದಯವಿದೆ, ರಕ್ತನಾಳಗಳಿವೆ, ಕತ್ತರಿ ತಾಗಿದರೆ ಚಿಮ್ಮುವ ರಕ್ತವೂ ಇದೆ. ರೋಗಿಯ ಮನೆಯವರು ಮಾತ್ರ ಇಲ್ಲ. ನನ್ನ ತಕರಾರು ಇಷ್ಟೇ.

ನಾನು ಯಂತ್ರದ ವಿರೋಧಿಯಲ್ಲ. ಕಲಿಯುವ ಕೈ ಮೊದಲು ಚಿತ್ರದ ಎದೆಯ ಮೇಲೆ ತಪ್ಪು ಮಾಡಲಿ, ಆಮೇಲೆ ನಮ್ಮ ಎದೆಗೆ ಬರಲಿ ಎಂಬುದಕ್ಕಿಂತ ದೊಡ್ಡ ನ್ಯಾಯ ಯಾವುದಿದೆ? ಆರೋಗ್ಯ ಹಕ್ಕಿನ ಕಿರುಪುಸ್ತಿಕೆಗಳನ್ನು ಓದಿ, ಬಡವರ ದೇಹ ಯಾರ ಪ್ರಯೋಗದ ವಸ್ತುವೂ ಅಲ್ಲ ಎಂದು ನಮ್ಮೂರು ಶಲವಡಿಯ ಕಟ್ಟೆಯ ಮೇಲೆ ನಿಂತು ಗಂಟಲು ಹರಿದುಕೊಂಡವಳು ನಾನು. ಆದ್ದರಿಂದಲೇ ನೀವು ಸಾರ್ವಜನಿಕರಿಗೆ ಬಾಗಿಲು ತೆರೆದ ದಿನ ನಮ್ಮ ಅವ್ವನ ತಂಗಿ, ಚಿಗವ್ವ ಮೈಲಾರವ್ವನನ್ನು ಕರೆದುಕೊಂಡು ಬಂದೆ. ಅವಳ ಹೃದಯದ ಕವಾಟ ಬದಲಿಸಬೇಕೆಂದು ನಿಮ್ಮ ವೈದ್ಯರೇ ಹೇಳಿದ್ದಾರೆ. ಅವಳು ಒಲ್ಲೆ ಎನ್ನುತ್ತಾಳೆ. ಕಣ್ಣಾರೆ ನೋಡಿದರೆ ಒಪ್ಪಿಯಾಳು ಎಂಬ ಆಸೆ ನನ್ನದು.

ಚಿಗವ್ವ ಚಪ್ಪಲಿ ಕಳಚಿಟ್ಟು ಆ ದೊಡ್ಡ ಕನ್ನಡಕ ಹಾಕಿಕೊಂಡಳು. "ಅಯ್ಯ ಶಿವನ, ಎಷ್ಟ ಚಂದ ಬಡಕೊಳ್ಳಾಕತ್ತೈತಿ!" ಎಂದಳು. ಆಮೇಲೆ ಪಕ್ಕದಲ್ಲಿದ್ದ ನಿಮ್ಮ ವಿದ್ಯಾರ್ಥಿ ಹೇಮಂತನನ್ನು ಕೇಳಿದಳು: "ತಮ್ಮಾ, ಇಲ್ಲಿ ಮಲಗಿದಾಂವ ಯಾರ ಪೈಕಿ?"

"ಯಾರ ಪೈಕೀನೂ ಅಲ್ರಿ ಯವ್ವಾ, ಬರೇ ಚಿತ್ರ."

"ಹೊರಗ ಯಾರ್ ಕುಂತಾರ?"

"ಹೊರಗ ಏನೂ ಮಾಡಿಲ್ರಿ. ಬಾಗಲಾ ದಾಟಿದ್ರ ಬರೇ ಕತ್ಲಿ."

"ಹಂಗಾರ ಇಂವ ಉಳದಾನಂತ ಯಾರಿಗೆ ಹೇಳ್ತಿಯೋ?"

ಹೇಮಂತ ಅವಳ ಕನ್ನಡಕ ಬಿಚ್ಚಲು ಕೈ ಹಾಕಿದ. ಪಾಠದಲ್ಲಿ ಇಲ್ಲದ ಉತ್ತರವನ್ನು ಅವನಾದರೂ ಎಲ್ಲಿಂದ ತರಬೇಕು?

ನಮ್ಮ ಕಡೆ ಒಬ್ಬರಿಗೆ ಆಪರೇಷನ್ ಎಂದರೆ ಒಂದು ಟೆಂಪೊ ಮಂದಿ ಹೋಗುತ್ತೇವೆ. ರೊಟ್ಟಿಯ ಗಂಟು ಜೊತೆಗಿರುತ್ತದೆ. ಒಳಗಿನಿಂದ ಒಳ್ಳೆಯ ಸುದ್ದಿ ಬರುವತನಕ ಅದನ್ನು ಯಾರೂ ಬಿಚ್ಚುವುದಿಲ್ಲ. ಹೋದ ವರ್ಷ ನಿಮ್ಮಲ್ಲೇ ತಿರಕಪ್ಪ ಕಾಕಾನ ಎದೆ ತೆರೆದ ದಿನವೂ ಹೀಗೆ ಕುಳಿತಿದ್ದೆವು. ಸಂಜೆಗೆ ಎಳೆಯ ವೈದ್ಯರೊಬ್ಬರು ಬಾಗಿಲು ಸರಿಸಿ, ಇಂಗ್ಲಿಷಿನಲ್ಲಿ ಏನೋ ಹೇಳಿ ಮತ್ತೆ ಒಳಗೆ ಹೋದರು. ಅರ್ಧ ಮಂದಿ ಗಂಟು ಬಿಚ್ಚಿದರು, ಅರ್ಧ ಮಂದಿ ಅಳಲು ಶುರುಮಾಡಿದರು. ಕಾಕಾ ಈಗ ಕಡಲೆ ಹೊಲಕ್ಕೆ ನಡೆದೇ ಹೋಗಿಬರುತ್ತಾನೆ. ಅಂದು ಎಲ್ಲರಿಗಿಂತ ಮೊದಲು ಅತ್ತ ಚಿಗವ್ವ ಮಾತ್ರ ಇನ್ನೂ ಸುಧಾರಿಸಿಕೊಂಡಿಲ್ಲ. "ಒಳಗ ಮಲಗಾಕ ನಂಗೇನ್ ಅಂಜಿಕಿಲ್ಲ ಬೇ, ನಿಮ್ಮನ್ನ ಹಂಗ ಹೊರಗ ಕುಂದ್ರಸೂದಕ್ಕ ಅಂಜಿಕಿ" ಎನ್ನುತ್ತಾಳೆ. ಇದಕ್ಕೆ ಔಷಧ ನಿಮ್ಮ ಯಾವ ಕಪಾಟಿನಲ್ಲಿದೆ?

ಆದ್ದರಿಂದ ನನ್ನ ಆಗ್ರಹ: ಕನ್ನಡಕದೊಳಗಿನ ಆ ಬಾಗಿಲಾಚೆ ಒಂದು ಬೆಂಚು ಹಾಕಿಸಿ. ಅದರ ಮೇಲೆ ನಮ್ಮಂಥವರನ್ನು ಕೂರಿಸಿ. ಹೊಲಿಗೆ ಮುಗಿಸಿದ ವಿದ್ಯಾರ್ಥಿ ಹೊರಗೆ ಬಂದು, ತಿಳಿಯುವ ಕನ್ನಡದಲ್ಲಿ ಹೇಳಿ, ಅವರು ಗಂಟು ಬಿಚ್ಚಿದ ಮೇಲೆಯೇ ಅವನನ್ನು ಪಾಸು ಮಾಡಿ. ರಕ್ತ ಚಿಮ್ಮಿಸಬಲ್ಲ ತಂತ್ರಜ್ಞಾನಕ್ಕೆ ಒಂದು ಬೆಂಚು ಭಾರವೇ?

ಆ ಬೆಂಚಿನ ಚಿತ್ರಕ್ಕೆ ಮಂದಿ ಸಿಗದಿದ್ದರೆ ನಮ್ಮ ಟೆಂಪೊ ತಯಾರಿದೆ. ಚಿಗವ್ವನೂ ಬರುತ್ತಾಳೆ. ಅವಳ ಕವಾಟ ಬಹಳ ದಿನ ಕಾಯುವುದಿಲ್ಲವಾದ್ದರಿಂದ ಅವಳ ಷರತ್ತನ್ನು ಅವಳ ಮಾತಿನಲ್ಲೇ ಬರೆಯುತ್ತಿದ್ದೇನೆ: "ಮೊದಲ ನಾ ಬೆಂಚಿನ ಮ್ಯಾಲ ಕುಂದರ್ತೀನಿ. ಆ ಹುಡುಗ ಹೊರಗ ಬಂದು ನಂಗ ತಿಳಿಯೂಹಂಗ ಹೇಳ್ಲಿ. ಆಮ್ಯಾಲ ಒಳಗ ಹೋಗಿ ಮಲಗ್ತೀನಿ."

ಇಂತಿ,
ಹೋದ ವರ್ಷ ಬರೀ ಅಂದಾಜಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿದವಳು,
ಸುಧಾರಾಣಿ, ಶಲವಡಿ