ಕೋಖ್ ಸಾಹೇಬರ ಬರಿ

ಅಲ್ ಗುಬ್ರಾ, ಮಸ್ಕತ್
12 ಫೆಬ್ರವರಿ 1988, ಶುಕ್ರವಾರ

ಪ್ರೀತಿಯ ವಿನೋದಕ್ಕನಿಗೆ,

ನಿನ್ನ ತಂಗಿ ಹರಿಣಾಕ್ಷಿಯ ನಮಸ್ಕಾರ. ಗುರುವ ಭಾವನಿಗೂ ತಿಳಿಸು. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಉತ್ತರ ಬರೆಯಲು ಈಗ ಕುಳಿತಿದ್ದೇನೆ. ಮನಸ್ಸಿನಲ್ಲಿ ಬೈದುಕೊಂಡಿರುತ್ತೀ, ಬೈಯುವುದು ನ್ಯಾಯವೇ. ಎರಡು ಸಲ ಬರೆದು ಹರಿದು ಹಾಕಿದೆ. ಎಲ್ಲಾ ಕ್ಷೇಮ ಎಂದು ಮೊದಲ ಸಾಲು ಬರೆದ ಮೇಲೆ ಪೆನ್ನು ಮುಂದೆ ಹೋಗುತ್ತಿರಲಿಲ್ಲ.

ಮಲ್ಲಿಕಾ ಚೆನ್ನಾಗಿದ್ದಾಳೆ. ಆರನೆಯ ಕ್ಲಾಸು, ಮಾರ್ಚಿನಲ್ಲಿ ಪರೀಕ್ಷೆ. ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಕೂಡ 'ಸಾರಿ ಅಮ್ಮಾ' ಎನ್ನುತ್ತಾಳೆ. ನಾನು ಅದೇ ಶಾಲೆಯ ಆಫೀಸಿನಲ್ಲಿ ಟೈಪು ಕುಟ್ಟಿಕೊಂಡಿದ್ದೇನೆ. ಈಗ ಇಲ್ಲಿ ಚಳಿ, ಊರಿನಿಂದ ತಂದ ಕಂಬಳಿ ಹೊದ್ದು ಮಲಗುತ್ತೇವೆ. ಗಲ್ಫಿನಲ್ಲಿ ಚಳಿಯೇ ಎಂದು ನೀನು ನಗುತ್ತೀ, ಆದರೆ ಉಂಟು.

ಇವರ ಜೊತೆ ಕೆಲಸ ಮಾಡುವ ನಮ್ಮೂರಿನ ಅಂಗಾರ ರಜೆ ಮುಗಿಸಿ ಬಂದ. ನೀನು ಕಳಿಸಿದ ಮಿಡಿ ಉಪ್ಪಿನಕಾಯಿ, ಹಪ್ಪಳ ಎರಡೂ ಒಡೆಯದೆ, ಮುರಿಯದೆ ತಲುಪಿದವು. ನಮ್ಮ ಸಂಗತಿಯನ್ನು ಅವನು ನಿನಗೆ ಹೇಳಿದ್ದಾನೆ. ಅವನ ಬಾಯಿ ನಿನಗೆ ಗೊತ್ತಲ್ಲ, ಅರ್ಧ ನುಂಗಿ ಅರ್ಧ ಹೇಳುವವನು. ಹಾಗಾಗಿ ಎಲ್ಲವನ್ನೂ ನಾನೇ ಬರೆಯುತ್ತೇನೆ. ಓದುವಷ್ಟು ತಾಳ್ಮೆ ಇರಲಿ.

ಹೋದ ಮೇ ತಿಂಗಳಲ್ಲಿ ಊರಿಗೆ ಬಂದಾಗ ಇವರ ಕೆಮ್ಮು ನೋಡಿ ನೀನು ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟಿದ್ದೆ. ಕೆಮ್ಮು ಕೇಳಲಿಲ್ಲ. ಉಡುಪಿಯ ಡಾಕ್ಟರ ಹತ್ತಿರ ಹೋದೆವು. ನಮ್ಮ ಕಡೆಯ ಡಾಕ್ಟರುಗಳು ಕ್ಷಯ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಆ ರೋಗದ ಹುಳುವನ್ನು ಹಿಂದೆ ಕಂಡುಹಿಡಿದವನು ಕೋಖ್ ಎಂಬ ಜರ್ಮನಿಯ ಡಾಕ್ಟರಂತೆ. ಚೀಟಿಯಲ್ಲಿ ರೋಗದ ಹೆಸರಿನ ಬದಲು ಅವನ ಹೆಸರು ಬರೆಯುತ್ತಾರೆ, ಬಡಪಾಯಿ ರೋಗಿಯ ಮಾನ ಉಳಿಯಲಿ ಎಂದು. ಇವರ ಚೀಟಿಯಲ್ಲೂ ಹಾಗೆಯೇ ಬರೆದರು. ಒಂದು ದಿನವೂ ಬಿಡದೆ ತಿಂಗಳುಗಟ್ಟಲೆ ಮಾತ್ರೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ ಎಂದರು.

ಗುಣವಾಗುವ ರೋಗ, ಸರಿ. ಆದರೆ ಇಲ್ಲಿ ವೀಸಾ ಮುಂದುವರಿಸಬೇಕಾದರೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಈ ರೋಗ ಕಂಡರೆ ಖಲಾಸ್, ಮನುಷ್ಯ ವಿಮಾನ ಹತ್ತಬೇಕು. ಇವರ ಎಕ್ಸ್‌ರೇ ಜನವರಿಯಲ್ಲಿತ್ತು. ಇಲ್ಲಿನ ಅಂಗಡಿಯಲ್ಲಿ ಆ ಮಾತ್ರೆ ಕೇಳಿದರೆ ಯಾರಿಗೆ, ಯಾಕೆ ಎಂದು ಕೇಳುತ್ತಾರೆ. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ತರಿಸುತ್ತಿದ್ದೆವು. ಬರುವವರು ತಡವಾದರೆ ಮಾತ್ರೆಯೂ ತಡ. ನವೆಂಬರಿನಲ್ಲಿ ಹಾಗೆ ನಡುವೆ ನಿಂತೇಹೋಯಿತು. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು, ಪುನಃ ಇಳಿಯಿತು. ಎಕ್ಸ್‌ರೇಯನ್ನು ನಾಲ್ಕು ತಿಂಗಳು ಮುಂದೆ ಹಾಕಿಸಿ, ಅಷ್ಟರೊಳಗೆ ಊರಿಗೆ ಹೋಗಿ ಮದ್ದು ಮುಗಿಸಿ ಬಂದರೆ ಕೆಲಸ ಉಳಿಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದೆವು. ಹಾಗೆ ರಜೆ ಕೊಡುವ ಅಧಿಕಾರ ಇದ್ದದ್ದು ಒಬ್ಬರಿಗೆ, ಪ್ಲಾಂಟಿನ ಇಂಜಿನಿಯರ್ ಕೋಖ್ ಸಾಹೇಬರಿಗೆ.

ಹೌದು ಅಕ್ಕಾ, ಅವರ ಹೆಸರೂ ಕೋಖ್. ಅವರೂ ಜರ್ಮನಿಯವರೇ. ಸಮುದ್ರದ ನೀರನ್ನು ಸಿಹಿ ಮಾಡುವ ನಮ್ಮ ಪ್ಲಾಂಟಿನಲ್ಲಿ ಆರು ವರ್ಷಗಳಿಂದ ಇವರ ಮೇಲಧಿಕಾರಿ. ಒಳ್ಳೆಯ ಮನುಷ್ಯ. ಒಮ್ಮೆ ನಮ್ಮ ಮನೆಗೆ ಬಂದು ಕೋರಿ ರೊಟ್ಟಿ ತಿಂದು, ಖಾರಕ್ಕೆ ಮೂಗು ಕೆಂಪಾಗಿ, ಕಣ್ಣು ಒರೆಸಿಕೊಳ್ಳುತ್ತಾ ಇನ್ನೊಂದು ರೊಟ್ಟಿ ಕೇಳಿದ್ದರು. ಅವರ ಆಫೀಸಿನ ಗೋಡೆಯಲ್ಲಿ ತಮ್ಮದೇ ಹೆಸರಿನ ದೊಡ್ಡವರ ಚಿತ್ರಗಳನ್ನು ಸಾಲಾಗಿ ತೂಗುಹಾಕಿದ್ದರು. ಗಡ್ಡ, ಕನ್ನಡಕದ ಆ ಡಾಕ್ಟರ್ ಕೋಖ್. ಬೆಟ್ಟ, ಜಲಪಾತ ಬರೆಯುತ್ತಿದ್ದ ಹಳೆಯ ಕಾಲದ ಚಿತ್ರಕಾರ ಕೋಖ್. ನ್ಯೂಯಾರ್ಕ್ ಪಟ್ಟಣದ ಮೇಯರ್ ಕೋಖ್, ಬೋಳುತಲೆ, ಪೇಪರಿನಿಂದ ಕತ್ತರಿಸಿದ್ದು. ಮತ್ತೆ ಓಟದಲ್ಲಿ ಜಗತ್ತನ್ನೇ ಹಿಂದೆ ಹಾಕಿದ ಹುಡುಗಿ ಕೋಖ್. ಹೊಸಬರು ಯಾರು ಹೋದರೂ ಅವರು ಒಬ್ಬೊಬ್ಬರನ್ನೇ ಪರಿಚಯ ಮಾಡಿಕೊಡುತ್ತಿದ್ದರು. ನಮ್ಮ ಮದುವೆ ಮನೆಯಲ್ಲಿ ಹಿರಿಯರು ನೆಂಟರನ್ನು ಪರಿಚಯಿಸುವ ಹಾಗೆ.

ಇನ್ನು ನಮ್ಮ ಬುದ್ಧಿ ಎಲ್ಲಿಗೆ ಹೋಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಕುಲದ ಹೆಸರು, ಬರಿ, ಒಂದೇ ಆದರೆ ಮುಗಿಯಿತು, ಮುಖ ನೋಡದಿದ್ದರೂ ಒಡಹುಟ್ಟಿದವರು. ಅಜ್ಜಿ ದಾರಿಯಲ್ಲಿ ಹೋಗುವವರನ್ನು ಕರೆದು 'ಯಾವ ಬರಿ?' ಎಂದು ಕೇಳಿ, ನಮ್ಮ ಬರಿ ಎಂದರೆ ಚಾಪೆ ಹಾಸಿ ಬೆಲ್ಲ ನೀರು ಕೊಡುತ್ತಿದ್ದರಲ್ಲ. ಇವರು ಕೂಡ ಅದೇ ಮಣ್ಣಿನವರು. ಚೀಟಿ ಮತ್ತು ಗೋಡೆ ಎರಡನ್ನೂ ಕೂಡಿಸಿ ಒಂದು ದಿನ ಊಟಕ್ಕೆ ಕುಳಿತಾಗ ಹೇಳಿದರು, "ಹರಿಣೀ, ಸಾಹೇಬರು ಆ ಡಾಕ್ಟರ ಬರಿಯವರೇ ಮಾರಾಯ್ತಿ. ಅವರ ಮನೆಯ ಹಿರಿಯ ಕಂಡುಹಿಡಿದ ರೋಗ ಇದು. ಈ ರೋಗದವನನ್ನು ನೋಡಿ ಅವರು ಅಸಹ್ಯಪಡುವುದುಂಟಾ? ಅವರ ಹತ್ತಿರ ಹೇಳಿದರೆ ದಾರಿ ಆಗ್ತದೆ."

ಮಲ್ಲಿಕಾ ಅನ್ನದ ತುತ್ತು ಕೈಯಲ್ಲಿ ಹಿಡಿದು ನಕ್ಕಳು. "ಪಪ್ಪಾ, ನಮ್ಮ ಕ್ಲಾಸಲ್ಲಿ ಮೂವರು ಥಾಮಸ್ ಇದ್ದಾರೆ. ದೇ ಆರ್ ನಾಟ್ ಬ್ರದರ್ಸ್!" ಎಂದಳು. "ನೀನು ಸುಮ್ಮನೆ ಊಟ ಮಾಡು, ನಿಂಗೆ ಎಂತ ಗೊತ್ತುಂಟು?" ಎಂದು ಇಬ್ಬರೂ ಅವಳ ಬಾಯಿ ಮುಚ್ಚಿಸಿದೆವು. ಹನ್ನೊಂದು ವರ್ಷದ ಮಗುವಿಗೆ ಇದ್ದ ತಿಳಿವಳಿಕೆ ನಮ್ಮಿಬ್ಬರಿಗೂ ಇರಲಿಲ್ಲ.

ಜನವರಿ ಮೊದಲ ಶುಕ್ರವಾರ ಬೆಳಿಗ್ಗೆ ಸಾಹೇಬರ ವಿಲ್ಲಾಕ್ಕೆ ಹೋದೆವು. ನಾನು ಡಬ್ಬಿ ತುಂಬ ಚಕ್ಕುಲಿ ಕಟ್ಟಿಕೊಂಡಿದ್ದೆ. ಅವರು ಖುಷಿಯಿಂದ ಕೂರಿಸಿ ಕಾಫಿ ಕೊಟ್ಟರು. ಇವರು ಕಪ್ಪು ಮುಟ್ಟದೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದರು. ಚೀಟಿಯನ್ನೂ ಮುಂದಿಟ್ಟರು. ಕೊನೆಗೆ ಎರಡು ಕೈ ಜೋಡಿಸಿ, "ಸರ್, ಇದು ನಿಮ್ಮ ಕುಟುಂಬದವರ ಹೆಸರು. ನೀವು ಕೈ ಬಿಡಬಾರದು" ಎಂದರು.

ಸಾಹೇಬರು ಚೀಟಿ ನೋಡಿದರು. ಎದ್ದು ಹೋಗಿ ಕೋಣೆಯ ಎರಡೂ ಕಿಟಕಿಗಳನ್ನು ತೆರೆದರು. ಆ ಚಳಿಯಲ್ಲೂ ಅವರ ಎಸಿ ನಡೆಯುತ್ತಿತ್ತು ಅಕ್ಕಾ. ಅದನ್ನು ಆರಿಸಲೂ ಇಲ್ಲ, ಮೊದಲು ಕಿಟಕಿ ತೆರೆದರು. ಮತ್ತೆ ಬಂದು ಮೊದಲು ಕುಳಿತಿದ್ದ ಕುರ್ಚಿ ಬಿಟ್ಟು ದೂರದ ಕುರ್ಚಿಯಲ್ಲಿ ಕುಳಿತರು. ನನಗೆ ಆಗಲೇ ಉತ್ತರ ಗೊತ್ತಾಯಿತು. ಇವರು ಮಾತ್ರ ಇನ್ನೂ ಆಸೆಯಿಂದ ಅವರ ಮುಖ ನೋಡುತ್ತಿದ್ದರು.

ಸಾಹೇಬರು ಕೋಪ ಮಾಡಲಿಲ್ಲ. ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದರು. "ಮಿಸ್ಟರ್ ಸೇಸಪ್ಪ, ಆ ಡಾಕ್ಟರ್ ನನಗೆ ಯಾರೂ ಅಲ್ಲ. ಮೇಯರ್ ಕೂಡ ಯಾರೂ ಅಲ್ಲ. ನನ್ನ ತಂದೆ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದವರು. ನಮ್ಮ ಭಾಷೆಯಲ್ಲಿ ಕೋಖ್ ಎಂದರೆ ಅಡುಗೆಯವ. ಊರೂರಿಗೂ ಅಡುಗೆಯವರಿದ್ದರು, ಹಾಗಾಗಿ ಊರೂರಿಗೂ ಕೋಖ್‌ಗಳಿದ್ದಾರೆ. ಗೋಡೆಯ ಚಿತ್ರಗಳು ತಮಾಷೆಗೆ." ಆಮೇಲೆ ಹೇಳಿದರು, ನೀವು ನನ್ನ ಹತ್ತಿರ ಹೇಳಿದ ಮೇಲೆ ಗೊತ್ತಿಲ್ಲದವನ ಹಾಗೆ ಇರಲು ನನ್ನಿಂದ ಆಗುವುದಿಲ್ಲ, ನಾಳೆ ಕಂಪನಿಯ ಡಾಕ್ಟರಿಗೆ ತಿಳಿಸಬೇಕಾಗುತ್ತದೆ, ಕಂಟ್ರೋಲ್ ರೂಮಿನಲ್ಲಿ ನಿಮ್ಮ ಜೊತೆ ಒಂಬತ್ತು ಜನ ಕೂರುತ್ತಾರೆ ಎಂದು.

ಅವರು ಹೇಳಿದ್ದರಲ್ಲಿ ಒಂದು ಸುಳ್ಳಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಆದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಸರಿ ಮಾಡಿದವರ ಮೇಲೆ ಬರುವ ಸಿಟ್ಟನ್ನು ಎಲ್ಲಿ ಇಳಿಸಬೇಕು ಎಂದೇ ಗೊತ್ತಾಗುವುದಿಲ್ಲ. ಚಕ್ಕುಲಿ ಡಬ್ಬಿ ಅಲ್ಲೇ ಉಳಿಯಿತು. ವಾಪಸು ಬರುವಾಗ ಕಾರಿನಲ್ಲಿ ಇವರು ಒಂದೇ ಮಾತು ಆಡಿದರು, "ಪಾಪ, ಅವರಿಗೂ ಸಂಬಂಧ ಇಲ್ಲವಂತೆ." ತಮ್ಮ ಕೆಲಸ ಹೋಯಿತೆಂಬ ದುಃಖಕ್ಕಿಂತ ಸಾಹೇಬರಿಗೆ ಅಷ್ಟು ದೊಡ್ಡ ನೆಂಟರಿಲ್ಲ ಎನ್ನುವುದೇ ಅವರಿಗೆ ಹೆಚ್ಚಾಗಿತ್ತೋ ಏನೋ. ಇಂಥವರ ಜೊತೆ ಸಂಸಾರ ಮಾಡಿಕೊಂಡು ಬಂದಿದ್ದೇನೆ ನೋಡು.

ಮಾರನೆಯ ದಿನವೇ ಆಸ್ಪತ್ರೆಗೆ ಸೇರಿಸಿದರು. ಪ್ರತ್ಯೇಕ ವಾರ್ಡು. ನನಗೂ ಮಲ್ಲಿಕಾಗೂ ಎಕ್ಸ್‌ರೇ ಆಯಿತು, ದೇವರ ದಯೆ, ಏನೂ ಇಲ್ಲ. ಅಲ್ಲಿ ಚೆನ್ನಾಗಿ ನೋಡಿಕೊಂಡರು, ಒಳ್ಳೆಯ ಮಾತ್ರೆ ಕೊಟ್ಟರು, ಅದನ್ನು ಇಲ್ಲ ಎನ್ನಬಾರದು. ಇವರ ಶಿಫ್ಟಿನ ಒಮಾನಿ ಅಬ್ದುಲ್ಲಾ ಖರ್ಜೂರ ತಂದು ಬಾಗಿಲಲ್ಲಿ ನಿಂತು, "ಸೇಸಪ್ಪ, ಜಲ್ದೀ ಠೀಕ್ ಹೋಕೇ ವಾಪಸ್ ಆನಾ, ಇನ್ಶಾಅಲ್ಲಾ" ಎಂದು ಕಣ್ಣು ತುಂಬಿಕೊಂಡ. ಸಾಹೇಬರು ಒಂದು ದಿನ ನನ್ನನ್ನು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಬಿಟ್ಟರು. ಆಫೀಸಿನ ಗೋಡೆಯ ಚಿತ್ರಗಳನ್ನೆಲ್ಲ ತೆಗೆದಿದ್ದಾರಂತೆ, ಮೊಳೆ ಮಾತ್ರ ಉಂಟು ಎಂದು ಅಂಗಾರ ಹೇಳಿದ.

ವೀಸಾ ರದ್ದಾಯಿತು. ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಿಟ್ಟರು. ನಾಡಿದ್ದು ಭಾನುವಾರ ಹೊರಡಬೇಕು. ನನ್ನ ವೀಸಾ ಶಾಲೆಯದು, ಬೇರೆ. ಮಲ್ಲಿಕಾಳ ಪರೀಕ್ಷೆ ಮುಗಿಸಿ, ಫ್ಲಾಟು ಬಿಟ್ಟುಕೊಟ್ಟು, ಏಪ್ರಿಲಿನಲ್ಲಿ ನಾವಿಬ್ಬರೂ ಬರುತ್ತೇವೆ. ಇವರಿಗೆ ಊರಿನಲ್ಲಿ ತಾಯಿಯ ಕಡೆಯ ಮನೆ ಉಳಿದಿಲ್ಲ ಎಂದು ನಿನಗೆ ಗೊತ್ತು. ಇರುವ ಒಬ್ಬಳೇ ತಂಗಿ ಸುಂದರಿ ಬೊಂಬಾಯಿಯಲ್ಲಿ ಒಂದೇ ಕೋಣೆಯಲ್ಲಿ ಐದು ಜನರೊಂದಿಗೆ ಇದ್ದಾಳೆ. ಹಾಗಾಗಿ ವಿಮಾನ ಇಳಿದು ನೇರ ಬಸ್ಸು ಹತ್ತಿ ಹೆಜಮಾಡಿಗೆ, ನಿಮ್ಮ ಮನೆಗೆ.

ನೋಡಿಕೊಳ್ಳುವುದು ಕಷ್ಟವಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ. ಒಂದು ದಿನವೂ ತಪ್ಪಬಾರದು, ಅದೊಂದೇ ಮುಖ್ಯ. ಮತ್ತೊಮ್ಮೆ ನಡುವೆ ನಿಂತರೆ ಆಮೇಲೆ ಈ ಮದ್ದು ತಾಗುವುದಿಲ್ಲ, ಮನುಷ್ಯ ಉಳಿಯುವುದು ಕಷ್ಟ ಎಂದು ಇಲ್ಲಿನ ಡಾಕ್ಟರ್ ನನ್ನನ್ನು ಒಬ್ಬಳನ್ನೇ ಕರೆದು ಹೇಳಿದ್ದಾರೆ. ಮಾತ್ರೆಯಿಂದ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡ. ಮೊಟ್ಟೆ, ಮೀನು, ಗಂಜಿ, ಎಲ್ಲ ತಿನ್ನಬಹುದು. ಇಷ್ಟು ವಾರ ಮದ್ದು ಹೋದ ಮೇಲೆ ಈಗ ಅವರಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರ್ ಎರಡೆರಡು ಸಲ ಹೇಳಿದ್ದಾರೆ. ಲೋಟ, ಬಟ್ಟಲು ಬೇರೆ ಇಟ್ಟರೆ ಇಡು, ಅವರಿಗೆ ಬೇಸರವಿಲ್ಲ. ಆದರೆ ಮಾತು ಬೇರೆ ಮಾಡಬೇಡ. ಬಾವಿಕಟ್ಟೆಯ ಹತ್ತಿರ ಕುರ್ಚಿ ಹಾಕಿಕೊಟ್ಟರೆ ಸುಮ್ಮನೆ ಕುಳಿತು ತೋಟ ನೋಡುತ್ತಾರೆ, ಯಾರಿಗೂ ಭಾರವಾಗುವ ಮನುಷ್ಯನಲ್ಲ.

ವಾರಿಜಾಳಿಗೆ ಚಿಕ್ಕಮ್ಮನ ಆಶೀರ್ವಾದ ಹೇಳು. ಒಳ್ಳೆಯ ಕಡೆ ಸಂಬಂಧ ಕೂಡಿಬರಲಿ, ನಿನ್ನ ಮಗಳು ಎಲ್ಲಿ ಹೋದರೂ ನಗುತ್ತಾ ಇರಲಿ. ನಿನ್ನ ಮಂಡಿನೋವು ಕಡಿಮೆಯಾಗಲಿ. ನಮ್ಮ ಮೇಲೆ ನಿನ್ನ ಕೈ ಇರಲಿ.

ಇತಿ ನಿನ್ನ ತಂಗಿ,
ಹರಿಣಾಕ್ಷಿ

ಮರೆತ ಮಾತು: ಮರೆತಿಲ್ಲ ಅಕ್ಕಾ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಅಂಗಾರ ನೀನು ಹೇಳಿದ್ದನ್ನೂ ಹೇಳಿದ. "ವಾರಿಜಾಳನ್ನು ನೋಡಲಿಕ್ಕೆ ಜನ ಬರುವ ಹೊತ್ತು. ಆ ಕಾಯಿಲೆಯವರನ್ನು ನಮ್ಮ ಮನೆಗೆ ಮಾತ್ರ ಕಳಿಸಬೇಡ ಅಂತ ಹೇಳು ಅವಳಿಗೆ" ಎಂದೆಯಂತೆ. ನಿನಗೂ ಮಗಳಿದ್ದಾಳೆ, ನನಗೆ ಅರ್ಥವಾಗುತ್ತದೆ. ಅರ್ಥವಾಗಿಯೂ ಆ ಉಪ್ಪಿನಕಾಯಿಯನ್ನು ಬಾಯಿಗೆ ಇಡಲು ನನ್ನಿಂದ ಆಗಲಿಲ್ಲ.

ಅಂಗಾರ ಹೋದ ಮೇಲೆ ಇವರು ಹಾಸಿಗೆಯಿಂದ ಎದ್ದು ಕುಳಿತು, "ಅಕ್ಕ ಎಂತ ಹೇಳಿದರಂತೆ?" ಎಂದು ಕೇಳಿದರು. "ಬರಲಿ ಎಂದಿದ್ದಾಳೆ, ಜಗಲಿ ಪಕ್ಕದ ಕೋಣೆ ಖಾಲಿ ಮಾಡಿಸುತ್ತಾಳಂತೆ" ಎಂದೆ. ಎಷ್ಟೋ ವಾರಗಳ ನಂತರ ಆ ದಿನ ಬಟ್ಟಲು ತುಂಬ ಅನ್ನ ಉಂಡರು. ನಿನ್ನೆ ನಾನು ಬೇಡವೆಂದರೂ ಕೇಳದೆ ಮತ್ರಾದ ಪೇಟೆಗೆ ಹೋಗಿ ವಾರಿಜಾಳಿಗೆ ಒಂದು ಸೀರೆ ತಂದಿದ್ದಾರೆ, ಹಸಿರು ಬಣ್ಣದ್ದು.

ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಅಂಟಿಸಿದ ಕಾಗದ ಬಿಡಿಸಿ ಓದುವವರಲ್ಲ. ನೀನು ಓದುತ್ತಿರುವಾಗ ಚೀಲ ಹಿಡಿದುಕೊಂಡು ನಿನ್ನ ಅಂಗಳದಲ್ಲಿ ನಿಂತಿರುತ್ತಾರೆ, ನಿನ್ನ ಮುಖವನ್ನೇ ನೋಡುತ್ತಿರುತ್ತಾರೆ. ಅಕ್ಕಾ, ಮುಖ ಬದಲಾಯಿಸಬೇಡ. ಕಾಗದ ಮಡಚಿ, "ಬನ್ನಿ ಭಾವ, ಒಳಗೆ ಬನ್ನಿ" ಎನ್ನು.