ಪೆಟ್ರಿಯ ಅಂಗಡಿಯೂ ಡಂಡಿಯ ಮಳಿಗೆಯೂ

ಮೇ ೧೪, ಮಂಗಳವಾರ

ಲೋರ್ನ್ ಪೆಟ್ರಿಯ ಮಾತು ಇನ್ನೂ ಚುಚ್ಚುತ್ತಿದೆ. ಶನಿವಾರ ಕ್ಲಬ್ಬಿನ ಹೆಂಗಸರ ಫೈನಲ್. ನನ್ನ ಗಾಲ್ಫ್ ಕೋಲು ಬಿರುಕು ಬಿಟ್ಟಿದೆ. ನಮ್ಮೂರಿನವನಲ್ಲವೇ ಎಂದು ಅವನ ಆಟದ ಸಾಮಾನಿನ ಅಂಗಡಿಗೇ ಹೋದೆ.

"ಯಜಮಾನರಿಗಾ, ಎಲ್ಸ್‌ಪೆತ್?" ಎಂದ. ನನ್ನ ಗಂಡ ಹ್ಯಾಮಿಶ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಮನುಷ್ಯ! ನನಗೇ ಎಂದರೆ, "ಹೆಂಗಸರ ಸಾಮಾನು ಇಡಲ್ಲ, ಯಾರು ತಗೋತಾರೆ?" ಎಂದು ಹಲ್ಲು ಕಿರಿದ.

ಡಂಡಿ ಪಟ್ಟಣದ ದೊಡ್ಡ ಮಳಿಗೆಗೆ ಬಸ್ಸು ಹತ್ತಿದೆ. ಗೋದಾಮಿನಂಥ ಜಾಗ, ಕಿವಿಗಡಚಿಕ್ಕುವ ಸಂಗೀತ. ಅಲ್ಲಿನ ಹುಡುಗಿಗೆ ಆಟದ ಗಂಧಗಾಳಿಯೂ ಇಲ್ಲ. ಆದರೂ ಚ್ಯೂಯಿಂಗ್ ಗಮ್ ಅಗಿಯುತ್ತಲೇ ನಾಲ್ಕಾರು ಕೋಲು ತಂದು, "ಹೊಡ್ದು ನೋಡಿ" ಎಂದಳು. ಒಂದನ್ನು ಕೊಂಡೆ.

ಸಂಜೆ ಹೊಸ ಕೋಲು ಹಿಡಿದು ಬರುವಾಗ ಪೆಟ್ರಿ ಅಂಗಡಿ ಬಾಗಿಲಲ್ಲೇ ನಿಂತಿದ್ದ. "ನೀವೂ ಅಲ್ಲಿಗೇ ಹೋದ್ರೆ ಊರಿನ ಅಂಗಡಿ ಉಳಿಯೋದು ಹೇಗೆ?"

"ಮುಚ್ಚಿಬಿಡು, ಲೋರ್ನ್. ಅದರ ಅಂತ್ಯಕ್ರಿಯೆಗೆ ಹೂವು ಕಳಿಸ್ತೀನಿ."

ಅವನ ಮುಖ ಕಪ್ಪಿಟ್ಟಿತು. ಮಾತು ಹೆಚ್ಚಾಯಿತೇನೋ. ಇಲ್ಲ, ಆಗಲಿಲ್ಲ.